ಒಂಬತ್ತನೆಯವನ ಅಕ್ಕ ತಾಷ್ಕೆಂಟಿಗೆ ಹೋದದ್ದು

ಬೇಗಂ ಬಜಾರ್

ನನ್ನ ತಮ್ಮ ಮಲ್ಲಿಕಾರ್ಜುನ ಏನು ಮಾಡುತ್ತಾನೆ ಎಂಬುದನ್ನು ನೆಂಟರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಜಿಮ್ನಾಸ್ಟ್ ಎಂದರೆ ಸರ್ಕಸ್ಸಾ ಎನ್ನುತ್ತಾರೆ. ಸರ್ಕಸ್ ಅಲ್ಲ ಎಂದರೆ, ಹಾಗಾದರೆ ಯೋಗಾಸನವಾ ಎನ್ನುತ್ತಾರೆ. ಅದೂ ಅಲ್ಲ ಎಂದರೆ, ಹೋಗಲಿ ಬಿಡು, ಸಿಕಂದರಾಬಾದಿನಲ್ಲಿ ರೈಲು ಇಲಾಖೆಯ ನೌಕರಿಯಾದರೂ ಇದೆಯಲ್ಲ ಎಂದು ಅವರೇ ನನಗೆ ಸಮಾಧಾನ ಹೇಳುತ್ತಾರೆ.

ಅವನನ್ನು ಈ ದಾರಿಗೆ ಹಚ್ಚಿದವಳು ನಾನೇ. ನಮ್ಮಪ್ಪ ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದು ಬೇಗಂ ಬಜಾರಿನಲ್ಲಿ ಜೋಳ, ತೊಗರಿಬೇಳೆಯ ಸಗಟು ಅಂಗಡಿ ಇಟ್ಟವರು. ಒಂಬತ್ತು ವರ್ಷದ ಮಲ್ಲು ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಚೀಲದಿಂದ ಚೀಲಕ್ಕೆ ಲಾಗ ಹಾಕುತ್ತಿದ್ದ. ಒಂದು ಸಂಜೆ ಚೀಲ ಬಿರಿದು ತೊಗರಿಬೇಳೆ ಮೆಟ್ಟಿಲಿಳಿದು ಬೀದಿಗೆ ಹರಿಯಿತು. ಅಪ್ಪ ಬೈಯಲಿಲ್ಲ. ಇವನನ್ನು ಎಲ್ಲಾದರೂ ಕುಣಿಯುವ ಜಾಗಕ್ಕೆ ಬಿಟ್ಟು ಬಾ ಎಂದು, ಆಗ ಇಪ್ಪತ್ತರವಳಾಗಿದ್ದ ನನಗೆ ಹೇಳಿದರು. ನಾನು ಕ್ರೀಡಾಂಗಣಕ್ಕೆ ಕರೆದೊಯ್ದೆ. ಅಲ್ಲಿ ನರ್ಸಿಂಗ್ ಎಂಬ ತೆಳ್ಳಗಿನ ಕೋಚ್ ಅವನ ಎರಡೂ ಅಂಗೈ ಹಿಡಿದು ನೋಡಿ, ನಾಳೆಯಿಂದ ಕಳಿಸಿ ಎಂದರು. ಅವರು ಹೇಳಿದ ಆ ನಾಳೆಗೆ ಈಗ ಇಪ್ಪತ್ತೆರಡು ವರ್ಷ. ನರ್ಸಿಂಗ್ ಸರ್ ಈಗ ತೆಳ್ಳಗಿಲ್ಲ.

ಮಲ್ಲುವಿನ ಕೈಗೆ ಒಲಿದದ್ದು ಪ್ಯಾರಲಲ್ ಬಾರ್ಸ್. ಆಳೆತ್ತರದಲ್ಲಿ ಪಕ್ಕಪಕ್ಕದಲ್ಲಿ ಎರಡು ಸಲಾಕೆ; ಅವುಗಳ ನಡುವೆ ಮನುಷ್ಯನೊಬ್ಬ ಕೈ ಊರಿ ತೂಗಿ, ತಿರುಗಿ, ತಲೆಕೆಳಗಾಗಿ ನಿಂತು, ಕೊನೆಗೆ ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ನೆಲಕ್ಕೆ ಬರುವ ಆಟ. ನಮ್ಮ ದೇಶದೊಳಗೆ ಅವನು ಗೆದ್ದ ಪದಕಗಳನ್ನು ನೇತುಹಾಕಿ ಹಾಕಿ ನಮ್ಮ ಮನೆಯ ಒಂದು ಮೊಳೆ ಬಾಗಿದೆ. ಹೊರದೇಶದಲ್ಲಿ ಮಾತ್ರ ಒಂದು ಸಲವೂ ಅಂತಿಮ ಸುತ್ತಿಗೆ ಹೋಗಿರಲಿಲ್ಲ. ಒಮ್ಮೆ ಬೆರಳು ಜಾರಿತು. ಒಮ್ಮೆ ಹೊರಡುವ ತಿಂಗಳು ಮುಂಚೆ ಹಿಮ್ಮಡಿಯ ನರ ಹರಿದು, ಮೂರು ತಿಂಗಳು ನಾರಾಯಣಗೂಡದ ನಮ್ಮ ಮನೆಯ ಮಹಡಿಯಲ್ಲಿ ಕಾಲು ಮೇಲೆತ್ತಿಕೊಂಡು ಮಲಗಿದ. ಅಂಥ ತಮ್ಮ, ಮೂವತ್ತೊಂದು ತುಂಬಿದ ಮೇಲೆ, ತಾಷ್ಕೆಂಟಿನ ಸ್ಪರ್ಧೆಗೆ ನೀನೂ ಬಾ ಎಂದ.

ಇಲ್ಲಿ ನನ್ನದೊಂದು ದೋಷವನ್ನು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನಾನು ಅವನ ಆಟವನ್ನು ಎಂದೂ ನೋಡಿರಲಿಲ್ಲ. ಅಭ್ಯಾಸಕ್ಕೂ ಹೋಗಿದ್ದೇನೆ, ಸ್ಪರ್ಧೆಗೂ ಹೋಗಿದ್ದೇನೆ, ಆದರೆ ನೋಡುವುದಿಲ್ಲ. ಅವನು ಸಲಾಕೆಗೆ ಕೈ ಹಚ್ಚಿದೊಡನೆ ನನ್ನ ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತವೆ. ಸಲಾಕೆಯ ಕೆಳಗೆ ಹಾಸಿದ ದಪ್ಪ ಹಾಸಿಗೆಯ ಮೇಲೆ ಧಪ್ ಎಂದು ಒಂದೇ ಸದ್ದಾದರೆ ಕಾಲೂರಿ ನಿಂತ ಎಂದು ಲೆಕ್ಕ. ಎರಡು ಮೂರು ಸದ್ದಾದರೆ ಮನೆಗೆ ಹೋಗಿ ಅವನಿಗೆ ಇಷ್ಟವಾದದ್ದನ್ನು ಮಾಡಬೇಕು.

"ಕಣ್ಣ ಮುಚ್ಕೊಂಡ ಕುಂದರಾಕ ತಾಷ್ಕೆಂಟ್ ತನಕ ಯಾಕ ಬರ್ಲಿ?" ಎಂದೆ. ಅವನು ಬಾ ಎಂದಷ್ಟೇ ಹೇಳಿದ. ಅಪ್ಪನ ನಂತರ ನಾನೇ ನೋಡಿಕೊಳ್ಳುತ್ತಿದ್ದ ಅಂಗಡಿಯನ್ನು ಗಂಡನ ಮೇಲೆ ಹಾಕಿ ಹೊರಟೆ.

ತಾಷ್ಕೆಂಟ್, ಮೊದಲ ದಿನ

ಸಲಾಕೆಯ ಮೇಲೆ ಕೈ ಜಾರದಿರಲು ಜಿಮ್ನಾಸ್ಟರು ಅದಕ್ಕೆ ಜೇನುತುಪ್ಪ ಸವರಿ, ಮೇಲೆ ಸುಣ್ಣದಂಥ ಬಿಳಿ ಪುಡಿ ತಿಕ್ಕುತ್ತಾರೆ. ಮಲ್ಲುವಿಗೆ ಬೇಗಂ ಬಜಾರಿನ ಒಂದು ನಿರ್ದಿಷ್ಟ ಅಂಗಡಿಯ ಜೇನೇ ಆಗಬೇಕು. ಅದು ಎಷ್ಟು ಅಂಟಬೇಕೋ ಅಷ್ಟೇ ಅಂಟುತ್ತದಂತೆ. ಆ ಬಾಟಲಿಯನ್ನು ಜೋಪಾನ ಮಾಡುವ ಹೊಣೆಯನ್ನು ನಾನು ಹಟ ಮಾಡಿ ವಹಿಸಿಕೊಂಡೆ. ಮೂವತ್ತು ವರ್ಷ ಕಿರಾಣಿ ಕಟ್ಟಿದ ಮನೆತನದವಳು, ಒಂದು ಬಾಟಲಿ ಕಟ್ಟಲಾರೆನೆ? ಇಳಕಲ್ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯ ನಡುಮಧ್ಯದಲ್ಲಿ ಇಟ್ಟೆ.

ತಾಷ್ಕೆಂಟಿನ ಹೋಟೆಲ್ ಕೋಣೆಯಲ್ಲಿ ಪೆಟ್ಟಿಗೆ ತೆರೆದಾಗ ಬಾಟಲಿ ಖಾಲಿಯಾಗಿತ್ತು. ನನ್ನ ನಾಲ್ಕು ಸೀರೆಗಳು ಒಂದೇ ಸೀರೆಯಾಗಿದ್ದವು. ನರ್ಸಿಂಗ್ ಸರ್ ಅದನ್ನು ಬಹಳ ಹೊತ್ತು ನೋಡಿ, ಸಲಾಕೆಗೆ ಈ ಸೀರೆಯನ್ನೇ ಸುತ್ತಿದರೆ ಹೇಗೆ ಎಂದು ಹೈದರಾಬಾದಿ ಹಿಂದಿಯಲ್ಲಿ ಕೇಳಿದರು. ಮಲ್ಲು ನಗಲಿಲ್ಲ. ಸ್ಪರ್ಧೆಯ ವಾರದಲ್ಲಿ ಅವನು ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಹಲ್ಲುನೋವಿದ್ದವನ ಹಾಗೆ ಓಡಾಡುತ್ತಾನೆ.

ಊಟದ ಮನೆಯಲ್ಲಿ ಇನ್ನೊಂದು ಪಾಠವಾಯಿತು. ಉಜ್ಬೆಕ್ ಭಾಷೆಯ ಅರ್ಧ ಪದಗಳು ನಮ್ಮ ಹೈದರಾಬಾದಿನವರಿಗೆ ಮೊದಲೇ ಗೊತ್ತು. ಬಜಾರಿಗೆ ಬೋಜೋರ್, ಚಹಾಕ್ಕೆ ಚೋಯ್, ನಾನ್ ರೊಟ್ಟಿಗೆ ನೋನ್, ಗೆಳೆಯನಿಗೆ ದೋಸ್ತ್. ಆ ಧೈರ್ಯದಲ್ಲಿ, ನಾನು ಮಾಂಸ ತಿನ್ನುವುದಿಲ್ಲ, ಬರೀ ಸಬ್ಜಿ ಸಾಕು ಎಂದು ಬಡಿಸುವ ಹೆಂಗಸಿಗೆ ಹೇಳಿದೆ. ಆಕೆ ಎದೆಯ ಮೇಲೆ ಕೈ ಇಟ್ಟು ತಲೆಬಾಗಿ, ಒಂದು ತಟ್ಟೆ ತುಂಬ ಗಜ್ಜರಿ ತಂದಿಟ್ಟಳು. ಮರುದಿನವೂ ಗಜ್ಜರಿ. ಆ ನಾಡಿನಲ್ಲಿ ಸಬ್ಜಿ ಎಂದರೆ ಗಜ್ಜರಿ ಎಂದು ಮೂರನೆಯ ದಿನ ತಿಳಿಯಿತು. ಅಷ್ಟರಲ್ಲಿ ಅಡುಗೆಮನೆಯವರೆಲ್ಲ ನನ್ನ ಬಗ್ಗೆ ಒಂದು ಅಭಿಪ್ರಾಯಕ್ಕೆ ಬಂದಾಗಿತ್ತು. ನಾನು ಹೋದಲ್ಲೆಲ್ಲ ಯಾರಾದರೊಬ್ಬರು ಪ್ರೀತಿಯಿಂದ ಒಂದು ಗಜ್ಜರಿ ಕೊಡುತ್ತಿದ್ದರು.

ಅಭ್ಯಾಸದ ಹಾಲ್

ಜೇನಿಲ್ಲದೆ ಮೊದಲ ಅಭ್ಯಾಸ ಕೆಟ್ಟಿತು. ಹೋಟೆಲಿನ ಜೇನು ನೀರಾಗಿತ್ತು. ಮಲ್ಲು ಎರಡು ಸಲ ಜಾರಿ ಕೆಳಗೆ ಬಂದು ಅಂಗೈ ನೋಡಿಕೊಂಡ. ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ವಾಸಿಯಿತ್ತು. ನರ್ಸಿಂಗ್ ಸರ್ ನನಗೆ ತಂಡದ ಸಹಾಯಕಿ ಎಂಬ ಗುರುತಿನ ಬಿಲ್ಲೆ ಕೊಡಿಸಿದ್ದರು. ಅಂಥ ಸಹಾಯಕಿಯಿಂದ ದೇವರೇ ಕಾಪಾಡಬೇಕು ಎಂದು ನನಗೇ ಅನ್ನಿಸಿತು.

ಆಗ ಪಕ್ಕದ ಸಲಾಕೆಯ ಹತ್ತಿರ ನಿಂತಿದ್ದ ಒಬ್ಬ ಜಿಮ್ನಾಸ್ಟ್ ತನ್ನ ಜೇನಿನ ಬಾಟಲಿ ಹಿಡಿದುಕೊಂಡು ಬಂದ. ಹೆಸರು ಬಖ್ತಿಯಾರ್, ತಾಷ್ಕೆಂಟಿನವನೇ. ಮೂವತ್ತು ದಾಟಿರಬೇಕು, ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಮೂಗು ಒಮ್ಮೆ ಮುರಿದು ತನಗೆ ಬೇಕಾದ ಕಡೆ ಕೂಡಿಕೊಂಡಿತ್ತು. ಹಿಂದಿ ಸಿನಿಮಾ ನೋಡಿ ಬೆಳೆದದ್ದರಿಂದ ಅವನಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು. "ದೋಸ್ತ್, ಆಧಾ ತುಮ್ಹಾರಾ" ಎಂದು ಅರ್ಧ ಜೇನನ್ನು ನಮ್ಮ ಖಾಲಿ ಬಾಟಲಿಗೆ ಸುರಿದ. ಅವನಿಗೂ ಮಲ್ಲುವಿಗೂ ಅದೇ ಆಟದಲ್ಲಿ ಪೈಪೋಟಿ. ನಮ್ಮ ಬಜಾರಿನಲ್ಲಿ ಎದುರು ಅಂಗಡಿಯವನು ತಕ್ಕಡಿ ಕೂಡ ಎರವಲು ಕೊಡುವುದಿಲ್ಲ.

ಮಲ್ಲು ಮತ್ತೆ ಏರಿದ. ಈ ಸಲ ಜಾರಲಿಲ್ಲ. ಇಳಿದು ಬಂದು, "ಛಲೋ ಐತಿ ಜೇನು" ಎಂದ. ಆ ವಾರ ಅಲ್ಲಿಯವರೆಗೆ ಅವನು ಆಡಿದ ಅತ್ಯಂತ ಉದ್ದದ ಮಾತು ಅದು.

ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಮಾಡದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಜೇನಿನಿಂದ ಪಾರಾಗಿ ಉಳಿದಿದ್ದದ್ದು ಗರಿಗರಿಯಾಗಿ ಒಣಗಿಸಿದ ಜೋಳದ ಕಟಿ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ. ನಮ್ಮ ಶೇಂಗಾ ಹಿಂಡಿಯಲ್ಲಿ ಶೇಂಗಾ ಎಷ್ಟಿರುತ್ತದೋ ಖಾರವೂ ಅಷ್ಟೇ ಇರುತ್ತದೆ. ಮೊದಲ ಸುತ್ತು ಮುಗಿದ ಸಂಜೆ ಬಖ್ತಿಯಾರನನ್ನು ಹೋಟೆಲಿನ ಚಹಾದ ಮೇಜಿಗೆ ಕರೆದು ಬಡಿಸಬೇಕೆಂದು ನಿಶ್ಚಯಿಸಿದೆ.

ಅರ್ಹತಾ ಸುತ್ತು

ಅಂತಿಮ ಸುತ್ತಿಗೆ ಎಂಟು ಜನ. ಒಂಬತ್ತನೆಯವನನ್ನು ಕಾಯ್ದಿರಿಸಿದವನು ಎನ್ನುತ್ತಾರೆ. ಎಂಟರಲ್ಲಿ ಯಾರಾದರೂ ಹಿಂದೆ ಸರಿದರೆ ಅವನು ಏರಬೇಕು. ಅಲ್ಲಿಯವರೆಗೆ ಮೈ ಬಿಸಿ ಮಾಡಿಕೊಂಡು, ಉಡುಪು ತೊಟ್ಟುಕೊಂಡು, ಮದುವೆ ಮನೆಯಲ್ಲಿ ಎರಡನೆಯ ವರನ ಹಾಗೆ ಕೂತಿರಬೇಕು.

ಮಲ್ಲು ಒಂಬತ್ತನೆಯವನಾದ. ಬಖ್ತಿಯಾರ್ ಐದನೆಯವನು.

ನಾನು ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದೆ. ಒಂದೇ ಸದ್ದು ಕೇಳಿ ಕಣ್ಣು ಬಿಟ್ಟಾಗ ಅವನು ಕೈ ಎತ್ತಿ ನೆಟ್ಟಗೆ ನಿಂತಿದ್ದ. ಆಮೇಲೆ ಬಂದವರು ಒಬ್ಬೊಬ್ಬರಾಗಿ ಅವನನ್ನು ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿದರು. ಎಂಟನೆಯವನಿಗೂ ಇವನಿಗೂ ಇದ್ದ ಅಂತರ ಕಣ್ಣಿಗೆ ಕಾಣದಷ್ಟು. ಕೈಮೇಲೆ ನಿಂತಾಗ ಒಮ್ಮೆ ಕಾಲ್ಬೆರಳು ಸಡಿಲವಾಯಿತಂತೆ. ಕಾಲ್ಬೆರಳಿಗೆ ಅಂಕ ಕಳೆಯುವವರು ನಮ್ಮ ತಕ್ಕಡಿಗಳನ್ನು ನೋಡಿದರೆ ಬೇಗಂ ಬಜಾರನ್ನೇ ಮುಚ್ಚಿಸುತ್ತಾರೆ ಎಂದು ನಾನು ನಗಿಸಲು ಹೇಳಿದೆ.

ಮಲ್ಲು ಬೂಟಿನ ದಾರ ಕಟ್ಟುತ್ತಾ ತಲೆಯೆತ್ತದೆ ಹೇಳಿದ: "ಅಕ್ಕಾ, ಇದ ಕಡೀದು. ಭುಜ ಇನ್ನ ತಡ್ಯಂಗಿಲ್ಲ. ಅದಕ್ಕ ನಿನ್ನ ಬಾ ಅಂದೆ."

ನಾನು ಅವನ ಪಕ್ಕದಲ್ಲಿ ಕೂತು ಇನ್ನೊಂದು ಬೂಟಿನ ದಾರ ಕಟ್ಟಿದೆ. ಮೂವತ್ತೊಂದು ವರ್ಷದವನು ಸುಮ್ಮನೆ ಕಟ್ಟಿಸಿಕೊಂಡ.

ಸಂಜೆ ಬಖ್ತಿಯಾರ್ ಬಂದ. ಮನಸ್ಸು ಸರಿಯಿಲ್ಲದಿದ್ದರೂ ಕರೆದವರಿಗೆ ಬಡಿಸಬೇಕಲ್ಲ. ಅವನು ಕಟಿ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಆ ಸದ್ದಿಗೆ ನಕ್ಕ. ಹಿಂಡಿಯನ್ನು ಮೊದಲು ಬೆರಳ ತುದಿಯಲ್ಲಿ ತಿಂದ, ಆಮೇಲೆ ಚಮಚದಲ್ಲಿ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಮೂಗು ಇನ್ನಷ್ಟು ವಾರೆಯಾದಂತೆ ಕಂಡಿತು. "ಯಖ್ಶಿ, ಯಖ್ಶಿ" ಎಂದು ಮತ್ತೆ ಕೈಚಾಚಿದ. ಚೆನ್ನಾಗಿದೆ ಎಂದು ಅರ್ಥ. ನಾನು ಅವನ ಬಟ್ಟಲಿಗೆ ಚಹಾ ತುಳುಕುವಷ್ಟು ತುಂಬಿದೆ. ಅವನು ಬಟ್ಟಲನ್ನೂ ನನ್ನನ್ನೂ ನೋಡಿ, ನಕ್ಕು ಕುಡಿದ. ಅಲ್ಲಿ ಅತಿಥಿಗೆ ಅರ್ಧ ಬಟ್ಟಲು ಚಹಾ ಕೊಡುವುದೇ ಗೌರವ, ಮತ್ತೆ ಮತ್ತೆ ತುಂಬಿಸಬಹುದಲ್ಲ ಎಂದು; ತುಂಬಿ ಕೊಟ್ಟರೆ ಇನ್ನು ಎದ್ದು ಹೋಗು ಎಂದು ಅರ್ಥವಂತೆ. ಇದನ್ನು ಬಡಿಸುವ ಹೆಂಗಸು ಅವನು ಹೋದ ಮೇಲೆ ಕೈಸನ್ನೆಯಲ್ಲಿ ತಿಳಿಸಿದಳು, ಒಂದು ಗಜ್ಜರಿ ಕೊಡುತ್ತಾ.

ಅಂತಿಮ ಸುತ್ತು

ಮರುದಿನ ನಾನು ಮಾಡಿದ ಪಾಪವನ್ನು ಬರೆದೇ ಬಿಡುತ್ತೇನೆ. ಎಂಟು ಜನರ ಪಟ್ಟಿಯ ಮುಂದೆ ನಿಂತು, ಇವರಲ್ಲಿ ಯಾರಿಗಾದರೂ ಒಂದಿಷ್ಟು, ಜೀವಕ್ಕೆ ಅಪಾಯವಿಲ್ಲದಂಥದ್ದು, ಏನಾದರೂ ಆಗಲಿ ಎಂದು ಬೇಡಿಕೊಂಡೆ. ಶೀತವಾದರೂ ಸಾಕಿತ್ತು.

ಸ್ಪರ್ಧೆಗೆ ಒಂದು ಗಂಟೆ ಇರುವಾಗ ನರ್ಸಿಂಗ್ ಸರ್ ಓಡಿಬಂದರು. ಅವರು ಓಡಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಒಬ್ಬ ಹಿಂದೆ ಸರಿದಿದ್ದಾನೆ, ಮಲ್ಲು ಏರಬೇಕು ಎಂದರು. ಯಾರು ಎಂದೆ. ಬಖ್ತಿಯಾರ್ ಎಂದರು. ಏನಾಗಿದೆ ಎಂದೆ. ಬೆಳಗಿನಿಂದ ಆರಾಮಿಲ್ಲವಂತೆ, ಇಷ್ಟೇ ಗೊತ್ತು ಎಂದರು.

ನನಗೆ ಮೊದಲು ಹೊಳೆದದ್ದು ನನ್ನ ಹಿಂಡಿ. ಹಿಂದಿನ ಸಂಜೆ ಅವನು ಮೂರು ರೊಟ್ಟಿಗೆ ಅರ್ಧ ಡಬ್ಬಿ ಹಿಂಡಿ ತಿಂದದ್ದನ್ನು ಮಲ್ಲುವಿಗೆ ಹೇಳದೆ ಇರಬಹುದಿತ್ತು. ಹೇಳಿಬಿಟ್ಟೆ. ಮಲ್ಲು ಕೈಗೆ ಹಚ್ಚಿಕೊಳ್ಳುತ್ತಿದ್ದ ಪುಡಿಯನ್ನು ಅಲ್ಲಿಗೇ ಬಿಟ್ಟ.

"ಹೋಗಿ ಕೇಳ್ಕೊಂಡ ಬಾ. ನಿನ್ನ ಹಿಂಡಿಯಿಂದ ಅಂವ ಬಿದ್ದಿದ್ರ ನಾ ಏರಂಗಿಲ್ಲ."

"ಇಪ್ಪತ್ತೆರಡ ವರ್ಷ ಇದಕ್ಕ ಕಾದೀಯಲ್ಲೋ."

"ಕಾದೀನಿ. ಹಿಂಗಲ್ಲ."

ನರ್ಸಿಂಗ್ ಸರ್ ತೆಲುಗಿನಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ ಬೈದು ನೋಡಿದರು. ಮಲ್ಲು ಬೆಂಚಿನ ಮೇಲೆ ಕೂತುಬಿಟ್ಟ. ಅವನು ಹಾಗೆ ಕೂತರೆ ಅಪ್ಪನಿಂದಲೂ ಎಬ್ಬಿಸಲು ಆಗುತ್ತಿರಲಿಲ್ಲ.

ನಾನು ಓಡಿದೆ. ಜೇನು ತೊಳೆದು ಉಳಿಸಿಕೊಂಡಿದ್ದ ಸೀರೆ ಮೊಣಕಾಲಿಗೆ ಅಂಟುತ್ತಿತ್ತು. ಉದ್ದನೆಯ ಮೊಗಸಾಲೆಯಲ್ಲಿ ಕಾವಲಿನವನೊಬ್ಬ ತಡೆದು ನನ್ನ ಬಿಲ್ಲೆ ನೋಡಿ, ಇದು ಈ ಕಡೆಗೆ ನಡೆಯುವುದಿಲ್ಲ ಎಂದು ಕೈ ಆಡಿಸಿದ. ಬಖ್ತಿಯಾರ್, ದೋಸ್ತ್, ಎಂದು ನನಗೆ ಗೊತ್ತಿದ್ದ ಉಜ್ಬೆಕ್ ಭಾಷೆಯನ್ನೆಲ್ಲ ಒಮ್ಮೆಗೇ ಆಡಿದೆ. ಅವನಿಗೆ ಏನನ್ನಿಸಿತೋ, ಎದೆಯ ಮೇಲೆ ಕೈ ಇಟ್ಟು ಬಾಗಿಲು ತೆರೆದ.

ಒಳಗೆ ವೈದ್ಯರ ಕೋಣೆಯಲ್ಲಿ ಬಖ್ತಿಯಾರ್ ಒಂದು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ನಾನು ಹೊಟ್ಟೆ ಮುಟ್ಟಿಕೊಂಡು, ಹಿಂಡಿ ತಿನ್ನುವ ಅಭಿನಯ ಮಾಡಿ, ಕೈಮುಗಿದು, ಮಾಫ್ ಕರೋ ಎಂದೆ. ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ಟವೆಲ್ ಸರಿಸಿ ಬಲಗೈ ತೋರಿಸಿದ. ಮಣಿಕಟ್ಟು ಬದನೆಕಾಯಿಯಷ್ಟು ಊದಿ, ಸುತ್ತಲೂ ಮಂಜುಗಡ್ಡೆ ಕಟ್ಟಿದ್ದರು. "ಚಟ್ನಿ ನಹೀ. ಯೇ. ತೀನ್ ಸಾಲ್" ಎಂದ. ಮೂರು ವರ್ಷದಿಂದ ಆ ಕೈಯಲ್ಲಿ ಆಡುತ್ತಿದ್ದಾನೆ. ಆ ಬೆಳಿಗ್ಗೆ ಅದು ಮೈಭಾರ ಹೊರಲಾರೆ ಎಂದಿತ್ತು. ಹೊರಗೆ ಅವನನ್ನೇ ನೋಡಲು ಬಂದ ಅವನ ಊರಿನ ಜನ ಕೂಗುತ್ತಿರುವುದು ಒಳಗೆ ಕೇಳುತ್ತಿತ್ತು. ನಗು ನಿಂತ ಮೇಲೆ ಅವನು ಆ ಸದ್ದಿನ ಕಡೆಗೆ ಕಿವಿಕೊಟ್ಟು, ಮಣಿಕಟ್ಟನ್ನು ಮತ್ತೆ ಟವೆಲಿನಿಂದ ಮುಚ್ಚಿದ. ಪಟ್ಟಿಯ ಮುಂದೆ ನಿಂತು ಬೇಡಿಕೊಂಡದ್ದನ್ನು ಅವನಿಗೆ ಹೇಳುವ ಹಿಂದಿ ನನಗೆ ಬರುತ್ತಿತ್ತು, ಬಾಯಿ ಬರಲಿಲ್ಲ.

ನನ್ನ ತಮ್ಮ ಏರುವುದಿಲ್ಲ ಎನ್ನುತ್ತಿದ್ದಾನೆ ಎಂದೆ. ಅವನು ಮಂಚದಿಂದ ಇಳಿದು ಬರಿಗಾಲಲ್ಲೇ ನನ್ನ ಜೊತೆ ಬಂದ.

ಮಲ್ಲು ಇನ್ನೂ ಬೆಂಚಿನ ಮೇಲೆಯೇ ಇದ್ದ. ಬಖ್ತಿಯಾರ್ ಅವನ ಮುಂದೆ ನಿಂತು ಊದಿದ ಕೈಯನ್ನು ತೋರಿಸಿದ. ಮಲ್ಲು ಆ ಮಣಿಕಟ್ಟನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದ, ವೈದ್ಯರು ನೋಡುವ ಹಾಗೆ. ತನ್ನ ಅಂಗಿ ಸರಿಸಿ ಭುಜದ ಮೇಲಿನ ಶಸ್ತ್ರಚಿಕಿತ್ಸೆಯ ಗೆರೆ ತೋರಿಸಿದ. ಬಖ್ತಿಯಾರ್ ತಲೆಯಾಡಿಸಿ, ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಮಲ್ಲು ಎದ್ದು ಪುಡಿಯ ಪೆಟ್ಟಿಗೆಗೆ ಕೈಹಾಕಿದ.

ಬಖ್ತಿಯಾರನೂ ನಾನೂ ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಒಟ್ಟಿಗೆ ಕೂತೆವು. ಅವನ ಬದಲಿಗೆ ಬೇರೆ ದೇಶದವನ ಹೆಸರು ಕೂಗಿದಾಗ ಹಾಲ್ ತುಂಬ ಒಂದು ಬೇಸರದ ಗುಜುಗುಜು ಎದ್ದಿತು. ಮಲ್ಲು ಸಲಾಕೆಗಳ ನಡುವೆ ಹೋಗಿ ನಿಂತ. ನನ್ನ ಕಣ್ಣು ಮುಚ್ಚಿಕೊಂಡವು. ಬಖ್ತಿಯಾರ್ ತನ್ನ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ. ನಾನು ತಲೆಯಾಡಿಸಿದೆ. ಅವನು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ತಿವಿದು, "ದೇಖೋ" ಎಂದ. ಆ ಜಾಗದಲ್ಲಿ ಇರಬೇಕಾದವನು ಇವನು; ಇವನೇ ನೋಡಬಲ್ಲನಾದರೆ ನನಗೇನು ಬಂದಿದೆ ಅನ್ನಿಸಿತು. ನೋಡಿದೆ.

ಅದು ಒಂದು ನಿಮಿಷವೂ ಇಲ್ಲ. ಇಷ್ಟು ಸಣ್ಣ ಸಮಯಕ್ಕೆ ಇಷ್ಟು ವರ್ಷ ಹೆದರಿದ್ದೆನಾ ಎಂದು ಆಶ್ಚರ್ಯವಾಯಿತು. ಅವನು ತೂಗಿದ, ಎರಡೂ ಕೈ ಬಿಟ್ಟ. ಅವನು ಕೈ ಬಿಡುತ್ತಾನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಸಲಾಕೆಗಳ ಮೇಲೆ ಒಂದು ಕ್ಷಣ ಯಾವುದನ್ನೂ ಹಿಡಿಯದೆ ಇದ್ದು, ಮತ್ತೆ ಹಿಡಿದ. ಕೈಮೇಲೆ ನಿಂತಾಗ ಹಾಲ್ ಸದ್ದಡಗಿತು. ಕಾಲ್ಬೆರಳು ಒಂದಕ್ಕೊಂದು ಅಂಟಿ ಮೇಲ್ಛಾವಣಿಯನ್ನು ತೋರಿಸುತ್ತಿದ್ದವು. ಮನೆಯಲ್ಲಿ ಹಾಲಿನ ಪಾತ್ರೆಯನ್ನು ಒಂದು ದಿನವೂ ಸರಿಯಾಗಿ ಮುಚ್ಚಿಡದವನು ಇಷ್ಟು ಅಚ್ಚುಕಟ್ಟಾಗಿ ಇರಬಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕೊನೆಗೆ ಮೇಲೆದ್ದು ಎರಡು ಸಲ ತಿರುಗಿ ಹಾಸಿಗೆಗೆ ಬಂದ. ಒಂದು ಕಾಲು ಹಿಂದೆ ಹೋಯಿತು. ನಿಂತ.

ಮೊದಲು ಎದ್ದು ನಿಂತವನು ಬಖ್ತಿಯಾರ್. ಚಪ್ಪಾಳೆ ತಟ್ಟಲು ಕೈ ಬಾರದೆ ಮುಂದಿನ ಕುರ್ಚಿಯ ಬೆನ್ನನ್ನು ಎಡಗೈಯಿಂದ ಬಡಿದ. ಅವನನ್ನು ಗುರುತಿಸಿದ ಜನ ಒಬ್ಬೊಬ್ಬರಾಗಿ ಎದ್ದರು. ನನ್ನ ತಮ್ಮನಿಗೆ ಅಷ್ಟು ದೊಡ್ಡ ಚಪ್ಪಾಳೆ ಹೈದರಾಬಾದಿನಲ್ಲಿಯೂ ಬಿದ್ದದ್ದು ನಾನು ಕೇಳಿಲ್ಲ.

ಆರನೆಯ ಸ್ಥಾನ ಬಂತು. ಪದಕವಿಲ್ಲ. ನರ್ಸಿಂಗ್ ಸರ್ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು. ಮಲ್ಲು ನನ್ನ ಹತ್ತಿರ ಬಂದಾಗ ಅವನ ಮುಖದ ಹಲ್ಲುನೋವು ಹೋಗಿತ್ತು.

"ನೋಡಿದೇನು?" ಎಂದ.

"ನೋಡಿದೆ."

"ಪೂರಾ?"

"ಪೂರಾ. ಕಡೀಗೆ ಒಂದ ಹೆಜ್ಜಿ ಹಿಂದ ಇಟ್ಟಿ."

"ಇಪ್ಪತ್ತೆರಡ ವರ್ಷಕ್ಕ ಒಂದ ಸಲ ನೋಡ್ತಿ, ಅದನ್ನ ನೋಡಿದಿ" ಎಂದು ಅವನು ನಕ್ಕ.

ನಾರಾಯಣಗೂಡ

ಹೈದರಾಬಾದಿಗೆ ಮರಳಿ ಬಂದ ಮರುದಿನ, ಬೆಳಿಗ್ಗೆ ಐದಕ್ಕೆ ಮಹಡಿಯಿಂದ ಕಾಲಿನ ಸದ್ದು ಕೇಳಿಸಿತು. ನಾನು ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದೆ. ಮಲ್ಲು ಚೀಲ ಹೆಗಲಿಗೇರಿಸಿ, ಬೂಟು ಹಾಕಿಕೊಂಡು, ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಒಂಬತ್ತನೆಯ ವಯಸ್ಸಿನಿಂದ ಆ ಹೊತ್ತಿಗೆ ಎದ್ದವನಿಗೆ ದೇಹವೇ ಎದ್ದು ಉಡುಪು ತೊಡಿಸಿ ಕೂರಿಸಿತ್ತು. ಬೀದಿಯಲ್ಲಿ ಕೋಚಿಂಗ್ ಕ್ಲಾಸಿಗೆ ಹೋಗುವ ಮಕ್ಕಳು ಪುಸ್ತಕ ಎದೆಗವಚಿಕೊಂಡು ಸಾಲಾಗಿ ಹೊರಟಿದ್ದರು. ಅವನು ಅವರನ್ನೇ ನೋಡುತ್ತಿದ್ದ.

"ಎದ್ದಬಿಟ್ಟೀನಿ ಅಕ್ಕಾ" ಎಂದ. "ಈಗ ಎಲ್ಲಿ ಹೋಗ್ಲಿ?"

ನಾನು ಅವನ ಹೆಗಲಿನಿಂದ ಚೀಲ ಇಳಿಸಿದೆ.

"ಎಲ್ಲೂ ಬ್ಯಾಡ. ಹೋಗಿ ಮಲಕೋ."

ಅವನು ಬೂಟು ಬಿಚ್ಚಿ ಮೇಲೆ ಹೋದ. ಒಂಬತ್ತು ಗಂಟೆಗೆ ಚಹಾ ತೆಗೆದುಕೊಂಡು ಹೋದಾಗ ಬಾಯಿ ತೆರೆದು, ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ಯಾವ ತೀರ್ಪುಗಾರನೂ ಒಂದು ಅಂಕವನ್ನೂ ಕೊಡದ ಹಾಗೆ ಮಲಗಿದ್ದ. ನಾನು ಚಹಾವನ್ನು ಮೆಟ್ಟಿಲ ಮೇಲೆ ಕೂತು ನಾನೇ ಕುಡಿದೆ.